ಎಷ್ಟು ಸಿಸಿ ಇದ್ದರೆ ಸಾಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗೊಬ್ಬೂರ ಮತ್ತು ಅದರ ಸುತ್ತಲಿನ ಆಳಂದ, ಅಫಜಲಪುರ, ಜೇವರ್ಗಿ ಕಡೆಯವು. ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಗಾಡಿ ಕೊಳ್ಳುವ ಮಾತು ಏಳುವುದು ಸಹಜವೇ. ಬರೆದವರ ಹೆಸರು ಬಿಟ್ಟಿದ್ದೇನೆ. ಪ್ರಶ್ನೆಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಅಷ್ಟೆ.

ಪ್ರಶ್ನೆ: ಗೊಬ್ಬೂರದಲ್ಲಿ ನಮ್ಮದು ಸಿಮೆಂಟು ಮತ್ತು ಶಹಾಬಾದ್ ಕಲ್ಲಿನ ವ್ಯಾಪಾರ. ಹಳೆಯ ಟಾಟಾ ಏಸ್ ಒಂದಿದೆ. ಅದು ಸಾಲದೆ ದೊಡ್ಡ ಗಾಡಿ ನೋಡುತ್ತಿದ್ದೇನೆ. 1500 ಸಿಸಿ ಸಾಕು, ಮೈಲೇಜ್ ಚೆನ್ನಾಗಿ ಬರುತ್ತದೆ ಎಂದು ನಮ್ಮ ಅಳಿಯ ಹೇಳುತ್ತಾನೆ. ಗ್ಯಾರೇಜಿನವರು ಮಾತ್ರ, ‘ನಿಮ್ಮ ಲೋಡಿಗೆ ಸಣ್ಣ ಇಂಜಿನ್ನು ಮೂರೇ ವರ್ಷಕ್ಕ ಬೋರಿಗೆ (ಸವೆದ ಸಿಲಿಂಡರ್ ಕೊರೆಸುವ ಕೆಲಸಕ್ಕೆ) ಬರ್ತದರೀ, 2500 ಸಿಸಿನೇ ತಗೋರಿ’ ಅಂತಾರೆ. ಸಾಲ ಮಾಡಿ ಕೊಳ್ಳುವುದು. ಆಯ್ಕೆ ತಪ್ಪಿದರೆ ಏನು ಗತಿ ಎಂದು ಹೆದರಿಕೆಯಾಗಿದೆ.

ಉತ್ತರ: ಸಾಲದ ಕಂತು ಮುಗಿಯುವ ಮೊದಲೇ ಇಂಜಿನ್ ಕೈಕೊಟ್ಟರೆ ಏನು ಮಾಡುವುದು ಎನ್ನುವುದು ನಿಮ್ಮ ಚಿಂತೆ. ಇದು ಸುಮ್ಮನೆ ಹುಟ್ಟಿದ ಹೆದರಿಕೆಯಲ್ಲ. ಕಂತು ತುಂಬಬೇಕಾದ ಗಾಡಿ ಗ್ಯಾರೇಜಿನಲ್ಲಿ ಕೂತರೆ ಮನೆಮಂದಿಯ ನಿದ್ದೆಯೇ ಹೋಗುತ್ತದೆ. ಆದರೆ ಒಂದು ಸಮಾಧಾನ ಹೇಳುತ್ತೇನೆ. ನಿಮ್ಮ ಅಳಿಯ ಹೇಳುವ ಗಾಡಿಯೂ ಗ್ಯಾರೇಜಿನವರು ಹೇಳುವ ಗಾಡಿಯೂ ಒಳ್ಳೆಯವೇ. ನಿಮ್ಮ ಕೆಲಸಕ್ಕೆ ಯಾವುದು ಎಂಬುದಷ್ಟೇ ಉಳಿದಿದೆ, ಅದನ್ನು ನಿಧಾನವಾಗಿ ಬಿಡಿಸೋಣ.

ಷೋರೂಮಿಗೆ ಹೋಗುವ ಮೊದಲು ನೀವು ತೂಕದ ಕಾಟಾಕ್ಕೆ ಹೋಗಬೇಕು. ನಿಮ್ಮ ಏಸ್‌ನಲ್ಲಿ ದಿನವೂ ಹೇರುವಷ್ಟೇ ಹೇರಿ, ಹೆಚ್ಚೂ ಬೇಡ ಕಡಿಮೆಯೂ ಬೇಡ, ಮೂರು ಬೇರೆ ಬೇರೆ ದಿನ ತೂಗಿಸಿ ಚೀಟಿ ಇಟ್ಟುಕೊಳ್ಳಿ. ನಿಮ್ಮ ಸರಕಿನ ಗುಣ ನಿಮಗೆ ಗೊತ್ತೇ ಇದೆ, ನೋಡಲು ಗಾಡಿ ಅರ್ಧ ಖಾಲಿ, ತೂಕದಲ್ಲಿ ಮಾತ್ರ ಭರ್ತಿ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಇಂಚು ದಪ್ಪದ ಒಂದು ಶಹಾಬಾದ್ ಪರಸಿ ಹೆಚ್ಚುಕಡಿಮೆ 75 ಕಿಲೋ ಬರುತ್ತದೆ. ಇಪ್ಪತ್ತು ಪರಸಿ ಜೋಡಿಸಿದರೆ ಒಂದೂವರೆ ಟನ್ನು ಆಯಿತು, ಡಾಲಾದಲ್ಲಿ ಇನ್ನೂ ಮೊಣಕಾಲೆತ್ತರ ಆಗಿರುವುದಿಲ್ಲ. ನಲವತ್ತು ಚೀಲ ಸಿಮೆಂಟು ಎಂದರೆ ಎರಡು ಟನ್ನು. ‘ಜಾಗ ಇದೆಯಲ್ಲ, ಇನ್ನೆರಡು ಇಡು’ ಎಂಬ ಮಾತಿನಿಂದಲೇ ಅರ್ಧಕ್ಕರ್ಧ ಇಂಜಿನ್‌ಗಳು ಹಾಳಾಗಿದ್ದನ್ನು ನಾನು ನೋಡಿದ್ದೇನೆ.

ಇನ್ನು ಆರ್‌ಸಿ ತೆಗೆಯಿರಿ. ಅದರಲ್ಲಿ ಎರಡು ತೂಕ ಬರೆದಿರುತ್ತದೆ. ಅನ್‌ಲೇಡನ್ ವೇಟ್ (ಖಾಲಿ ಗಾಡಿಯ ತೂಕ) ಒಂದು, ಲೇಡನ್ ವೇಟ್ (ಸರಕು, ಜನ ಎಲ್ಲ ಸೇರಿ ಗಾಡಿ ಹೊರಬಹುದಾದ ಒಟ್ಟು ತೂಕ) ಇನ್ನೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ನಿಮ್ಮ ತೂಕ, ಹಮಾಲನ ತೂಕ ಕಳೆಯಿರಿ. ಉಳಿದದ್ದೇ ನೀವು ಹೇರಬಹುದಾದ ಸರಕು. ಹೊಸ ಗಾಡಿಯ ಈ ಲೆಕ್ಕವನ್ನು ಷೋರೂಮಿನವರಿಂದ ಬರೆಸಿಕೊಂಡು, ನಿಮ್ಮ ಕಾಟಾ ಚೀಟಿಯ ಪಕ್ಕದಲ್ಲಿಟ್ಟು ನೋಡಿ.

ಈಗ ಸಿಸಿ ಮಾತು. ಸಿಸಿ ಎಂದರೆ ಘನ ಸೆಂಟಿಮೀಟರ್. ಸಿಲಿಂಡರಿನೊಳಗೆ ಪಿಸ್ಟನ್ (ಮೇಲೆ ಕೆಳಗೆ ಓಡಾಡುವ ಕೊಂತ) ಕೆಳಗಿಳಿದಾಗ ಬಿಡುವಾಗುವ ಜಾಗ ಎಷ್ಟು, ಎಲ್ಲ ಸಿಲಿಂಡರ್ ಕೂಡಿಸಿ ಎಷ್ಟು, ಎಂಬ ಅಳತೆ. ಸಾವಿರ ಸಿಸಿ ಎಂದರೆ ಒಂದು ಲೀಟರ್ ಜಾಗ. ಅಂದರೆ ಅದು ಪಾತ್ರೆಯ ಅಳತೆ. ಆ ಪಾತ್ರೆಯಲ್ಲಿ ಎಷ್ಟು ಅಡುಗೆಯಾಗುತ್ತದೆ ಎಂದು ಅದೊಂದೇ ಹೇಳುವುದಿಲ್ಲ.

ಭಾರ ಎಳೆಯುವವರು ನೋಡಬೇಕಾದ್ದು ಟಾರ್ಕ್ (ಚಕ್ರವನ್ನು ತಿರುಗಿಸುವ ತಿರುಚು ಬಲ). ಒಂದು ಉದಾಹರಣೆ ಕೊಟ್ಟರೆ ನಿಮ್ಮ ಅಳಿಯನ ಮಾತು ಅರ್ಧ ಯಾಕೆ ಸರಿ ಎನ್ನುವುದು ಗೊತ್ತಾಗುತ್ತದೆ. ಟಾಟಾ ಇಂಟ್ರಾದ ವಿ30 ಮತ್ತು ವಿ50, ಎರಡರದ್ದೂ 1496 ಸಿಸಿ ಡೀಸೆಲ್ ಇಂಜಿನ್ನೇ. ಆದರೆ ಮೊದಲನೆಯದರ ಟಾರ್ಕ್ 140 ನ್ಯೂಟನ್ ಮೀಟರ್, ಎರಡನೆಯದರದು 220. ಪಾತ್ರೆ ಒಂದೇ, ಅಡುಗೆ ಒಂದೂವರೆ ಪಾಲು. ಇನ್ನು ನಿಮ್ಮ ಗ್ಯಾರೇಜಿನವರು ಹೇಳುವ ಅಳತೆಯ ಮಹೀಂದ್ರಾ ಬೊಲೆರೊ ಪಿಕಪ್ ಇಂಜಿನ್ 2523 ಸಿಸಿ, ಟಾರ್ಕ್ 200. ಅಂದರೆ ಕಾಗದದ ಮೇಲೆ ಸಣ್ಣ ಇಂಜಿನ್ನೇ ದೊಡ್ಡದಕ್ಕಿಂತ ಗಟ್ಟಿ! ಇದನ್ನು ಸಾಧಿಸುವುದು ಟರ್ಬೊ (ಹೊಗೆಯ ರಭಸದಿಂದಲೇ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಫಂಕಿ) ಮತ್ತು ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮುಕಿಸುವ ಹೊಸ ವ್ಯವಸ್ಥೆ. ಟರ್ಬೊ ದೊಡ್ಡ ಇಂಜಿನ್ನಿಗೂ ಇರುತ್ತದೆ. ಸಣ್ಣದರಲ್ಲಿ ಅದರಿಂದ ಹೆಚ್ಚು ದುಡಿಸಿಕೊಂಡಿರುತ್ತಾರೆ.

ಹಾಗಾದರೆ ಗ್ಯಾರೇಜಿನವರ ಮಾತು ಸುಳ್ಳೇ? ಅಲ್ಲ. ಅವರು ಹೇಳುವುದಕ್ಕೂ ಕಾರಣವಿದೆ, ಅದು ಅವರಿಗೆ ಕೈಯಿಂದ ಗೊತ್ತು, ಬಾಯಿಂದ ಹೇಳಲು ಬಾರದು. ಆ ಬಲ ಎಷ್ಟು ಸುತ್ತಿಗೆ ಸಿಗುತ್ತದೆ ಎನ್ನುವುದು ಮುಖ್ಯ. 2523 ಸಿಸಿ ಇಂಜಿನ್ನಿನ ಪೂರ್ತಿ ಬಲ ನಿಮಿಷಕ್ಕೆ 1400 ಸುತ್ತಿನಲ್ಲೇ ಸಿಕ್ಕಿಬಿಡುತ್ತದೆ. 220ರ ಆ ಸಣ್ಣ ಇಂಜಿನ್ನಿಗೆ 1750 ಸುತ್ತು ಬೇಕು. ಟಾರ್ ರಸ್ತೆಯಲ್ಲಿ ಈ ಅಂತರ ತಿಳಿಯುವುದೇ ಇಲ್ಲ. ಆದರೆ ನಿಮ್ಮ ಗಿರಾಕಿಯ ಮನೆ ಹೊಲದ ದಾರಿಯಲ್ಲಿದೆ ಎಂದುಕೊಳ್ಳಿ. ಶ್ರಾವಣದ ಮಳೆ ಬಿದ್ದ ಎರೆಮಣ್ಣು. ನಿಂತ ಗಾಡಿಯನ್ನು ಎಬ್ಬಿಸಬೇಕು. ಸಣ್ಣ ಇಂಜಿನ್ನಿನ ಗಾಡಿಯಲ್ಲಿ ಚಾಲಕ ಎಕ್ಸಲೇಟರ್ ಒತ್ತಿ, ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಗಾಲಿಗಳು ಎರೆಮಣ್ಣನ್ನು ಹುಗ್ಗಿಯ ಹಾಗೆ ಕಲಸುವವರೆಗೂ ಬಿಡುವುದಿಲ್ಲ. ಐದು ನಿಮಿಷದಲ್ಲಿ ಸುಟ್ಟ ವಾಸನೆ ಬರುತ್ತದೆ. ಅದು ಇಂಜಿನ್ನಿನದ್ದಲ್ಲ, ಕ್ಲಚ್ ಪ್ಲೇಟಿನದು. ‘ಸಣ್ಣ ಇಂಜಿನ್ ತಡೆಯಲ್ಲ’ ಎಂಬ ಮಾತು ಹೆಚ್ಚಾಗಿ ಹುಟ್ಟುವುದೇ ಅಲ್ಲಿ.

ಎರೆಮಣ್ಣಿನಲ್ಲಿ ಹೂತ ಗಾಡಿಯನ್ನು ದೊಡ್ಡ ಇಂಜಿನ್ನೂ ಎತ್ತಲಾರದು, ಇದೂ ನೆನಪಿರಲಿ. ಅಲ್ಲಿ ಬೇಕಾಗುವುದು ಹಿಡಿತವಿರುವ ಟೈರು, ಗಾಲಿಯಡಿ ಹಾಕಲು ಎರಡು ಹಲಗೆ, ಇಲ್ಲವೆ ಪಕ್ಕದ ಹೊಲದವರ ಟ್ರ್ಯಾಕ್ಟರು.

ಬೇಸಿಗೆಯ ಮಾತೂ ಇದೆ. ನಮ್ಮ ಜಿಲ್ಲೆಯಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ. ಬಿಸಿಗಾಳಿ ತೆಳ್ಳಗಿರುತ್ತದೆ, ಇಂಜಿನ್ನಿಗೆ ಉಸಿರು ಕಡಿಮೆ ಸಿಗುತ್ತದೆ, ರೇಡಿಯೇಟರಿಗೆ ಕೆಲಸ ಹೆಚ್ಚು. ಆಗ ಮಿತಿ ಮೀರಿ ಹೇರಿದ ಗಾಡಿ ಸಣ್ಣದಾದರೇನು ದೊಡ್ಡದಾದರೇನು, ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಗೂ ಒಡಲಿಗೂ ನಡುವಿನ ಪದರ) ಕಳೆದುಕೊಳ್ಳುತ್ತದೆ. ಒಂದು ಏಪ್ರಿಲಿನಲ್ಲಿ ನಾನೇ ಕೂಲೆಂಟ್ ಕಡಿಮೆಯಾಗಿದ್ದನ್ನು ನೋಡದೆ ಹೊರಟು, ಭೀಮಾ ಸೇತುವೆಯ ಹತ್ತಿರ ಬಾನೆಟ್ ಎತ್ತಿಕೊಂಡು ಮೂರು ತಾಸು ನಿಂತಿದ್ದೆ. ಆ ಗಾಡಿಯ ಇಂಜಿನ್ ಏನೂ ಸಣ್ಣದಲ್ಲ. ಬೋಳು ನೀರು ಹಾಕುವ ಅಭ್ಯಾಸ ಬಿಡಿ, ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿ.

ಮೈಲೇಜಿನ ಲೆಕ್ಕವನ್ನು ಮನೆಯಲ್ಲೇ ಹಾಕಬಹುದು. ದಿನಕ್ಕೆ ನೂರು ಕಿಲೋಮೀಟರ್, ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿಯಿರಿ. ಒಂದು ಗಾಡಿ ಲೀಟರಿಗೆ 16, ಇನ್ನೊಂದು 12 ಕೊಟ್ಟರೆ ದಿನಕ್ಕೆ ಎರಡು ಲೀಟರಿಗಿಂತ ತುಸು ಹೆಚ್ಚು ವ್ಯತ್ಯಾಸ. ತಿಂಗಳಿಗೆ ಇಪ್ಪತ್ತೈದು ದಿನ ಓಡಿಸಿದರೆ ಸುಮಾರು 4,700 ರೂಪಾಯಿ. ಇದು ಸಣ್ಣ ಮೊತ್ತವಲ್ಲ, ಅಳಿಯನನ್ನು ಬೈಯಬೇಡಿ. ಆದರೆ ನೀವು ದಿನಕ್ಕೆ ಮೂವತ್ತು ಕಿಲೋಮೀಟರ್ ಮಾತ್ರ ಓಡಿಸುವವರಾದರೆ ಅದೇ ವ್ಯತ್ಯಾಸ ತಿಂಗಳಿಗೆ 1,400ಕ್ಕೆ ಇಳಿಯುತ್ತದೆ. ಆಗ ಮೈಲೇಜೊಂದನ್ನೇ ನೋಡಿ ನಿರ್ಧರಿಸುವುದರಲ್ಲಿ ಅರ್ಥವಿಲ್ಲ.

ನನ್ನ ಅಭಿಪ್ರಾಯ ಹೀಗೆ. ಕಾಟಾ ಚೀಟಿಯಲ್ಲಿ ಸರಕು ಒಂದು ಟನ್ನು, ಒಂದೂಕಾಲು ಟನ್ನಿನ ಆಚೀಚೆ ನಿಂತು, ಓಡಾಟ ಬಹುಪಾಲು ಟಾರ್ ರಸ್ತೆಯಲ್ಲೇ ಇದ್ದರೆ 1500 ಸಿಸಿ ಟರ್ಬೊ ಗಾಡಿ ತೆಗೆದುಕೊಳ್ಳಿ, ಹೆದರಬೇಡಿ. ಕಲ್ಲಿನ ವ್ಯಾಪಾರ ಬೆಳೆದು ದಿನವೂ ಒಂದೂವರೆ ಟನ್ನು ದಾಟುವುದಾದರೆ, ಹೊಲದ ದಾರಿಯೂ ಇದ್ದರೆ, 2500 ಸಿಸಿಯ, 1.7 ಟನ್ ಹೊರುವ ಮಾದರಿಗೇ ಹೋಗಿ. ಎರಡು ಟನ್ನು ಬೇಕೇಬೇಕು ಎಂದರೆ ಈ ಎರಡೂ ಗಾಡಿ ನಿಮ್ಮವಲ್ಲ. ಪಾಟಾ (ಕಮಾನು ಪಟ್ಟಿ) ಹೆಚ್ಚಿಸಿ ಕಟ್ಟಿಸಿದರೆ ಆಯಿತು ಎಂದು ಯಾರಾದರೂ ಹೇಳಬಹುದು. ಪಾಟಾ ಹೆಚ್ಚಾದರೆ ಗಾಡಿ ಕುಸಿಯುವುದಿಲ್ಲ ನಿಜ, ಬ್ರೇಕು ಮಾತ್ರ ಹಳೆಯದೇ ಇರುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚು ಭಾರ ಹೇರಿದ್ದಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000 ದಂಡವಿದೆ. ಹೇರಿದ ಹೆಚ್ಚಿನ ಸರಕನ್ನು ಅಲ್ಲೇ ಇಳಿಸುವ ಖರ್ಚೂ ನಿಮ್ಮದೇ.

ಪ್ರಶ್ನೆ: ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾವು ಎಂಟು ಜನ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಕಲಬುರಗಿ, ಸೊಲ್ಲಾಪುರಕ್ಕೆ ಕಳಿಸುತ್ತೇವೆ. ಬಾಡಿಗೆ ಗಾಡಿಗೇ ಲಾಭ ಹೋಗುತ್ತಿದೆ. ಮುಚ್ಚಿದ ವ್ಯಾನ್ ತೆಗೆದುಕೊಳ್ಳಲು ಹೋದರೆ, ಫೋರ್ಸ್ ಟ್ರಾವೆಲರಿನ ಡೆಲಿವರಿ ವ್ಯಾನೇ ಸರಿ, 2600 ಸಿಸಿ, ನೂರು ವರ್ಷ ಬಾಳುತ್ತದೆ ಎನ್ನುತ್ತಾರೆ. ನಮಗೆ ಗಾಡಿ ವಿಷಯ ತಿಳಿಯದು ಎಂದು ಮೋಸ ಮಾಡುತ್ತಿದ್ದಾರೆಯೆ?

ಉತ್ತರ: ಗಾಡಿಯ ವಿಷಯ ತಿಳಿಯದು ಎಂಬ ಸಂಕೋಚ ಬೇಡ. ರೊಟ್ಟಿ ಎಷ್ಟು ತೆಳುವಾಗಿ ಬಡಿಯಬೇಕು ಎಂದು ಗೊತ್ತಿರುವವರಿಗೆ ಇದು ಕಷ್ಟವಲ್ಲ. ಅವರು ಹೇಳಿದ್ದು ಮೋಸವೇ ಆಗಬೇಕೆಂದಿಲ್ಲ. ಟ್ರಾವೆಲರ್ ಒಳ್ಳೆಯ ಗಾಡಿ. 2596 ಸಿಸಿ, ಮರ್ಸಿಡಿಸ್ ಮೂಲದ ಡೀಸೆಲ್ ಇಂಜಿನ್, ಟಾರ್ಕ್ 350 ನ್ಯೂಟನ್ ಮೀಟರ್. ಆದರೆ ನಿಮ್ಮ ಸರಕಿಗೆ ಅದು ಆನೆಯ ಮೇಲೆ ಅಕ್ಕಿಯ ಗಂಟು ಹೇರಿದ ಹಾಗೆ.

ನಿಮ್ಮ ಸರಕಿನ ಸ್ವಭಾವ ಕಲ್ಲಿನ ವ್ಯಾಪಾರಿಗಳಿಗೆ ಪೂರ್ತಿ ಉಲ್ಟಾ. ಒಣ ರೊಟ್ಟಿ ಜಾಗ ತಿನ್ನುತ್ತದೆ, ತೂಕ ಕೊಡುವುದಿಲ್ಲ. ಹಿಂಡಿಯ ಡಬ್ಬಗಳು ತುಸು ಭಾರ, ಅಷ್ಟೆ. ಆದ್ದರಿಂದ ನೀವು ಅಳೆಯಬೇಕಾದ್ದು ಕಿಲೋ ಅಲ್ಲ, ರಟ್ಟಿನ ಪೆಟ್ಟಿಗೆ. ಒಂದು ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ರೊಟ್ಟಿ ಮುರಿಯದ ಹಾಗೆ ಎಷ್ಟು ಪೆಟ್ಟಿಗೆ ಒಂದರ ಮೇಲೊಂದು ಇಡಬಹುದೆಂದು ಮನೆಯಲ್ಲೇ ಇಟ್ಟು ನೋಡಿ. ಆಮೇಲೆ ಗಾಡಿಯ ಒಳಗೆ ಟೇಪು ಹಿಡಿಯಿರಿ. ಷೋರೂಮಿಗೆ ಹೋಗುವಾಗ ಎರಡು ಖಾಲಿ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಹೋಗಿ. ನಕ್ಕರೆ ನಗಲಿ.

ವಾರಕ್ಕೆ ಒಂದೆರಡು ಸಲ, ಮುನ್ನೂರು ನಾನೂರು ಕಿಲೋ ಸರಕಿಗೆ 1200 ಸಿಸಿ ಪೆಟ್ರೋಲ್ ಇಂಜಿನ್ನಿನ ಮುಚ್ಚಿದ ವ್ಯಾನ್ ಧಾರಾಳವಾಯಿತು. ಮಾರುತಿ ಈಕೋ ಕಾರ್ಗೊದಂಥದ್ದು, 1197 ಸಿಸಿ. ಕೊಳ್ಳುವ ಬೆಲೆ ಕಡಿಮೆ, ಸರ್ವಿಸ್ ಸುಲಭ. ಸಿಎನ್‌ಜಿ ಮಾದರಿಯೂ ಸಿಗುತ್ತದೆ, ಆದರೆ ನೀವು ಹೋಗುವ ದಾರಿಯಲ್ಲಿ ಪಂಪು ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ಎರಡು ವರ್ಷದಲ್ಲಿ ಪೆಟ್ಟಿಗೆ ಹಿಡಿಸದಷ್ಟು ವ್ಯಾಪಾರ ಬೆಳೆದರೆ ಟಾಟಾ ವಿಂಗರ್, ಟ್ರಾವೆಲರ್ ಎಲ್ಲ ಅಲ್ಲೇ ಇರುತ್ತವೆ. ಆಗಲೂ ನೀವು ದುಡ್ಡು ಕೊಡುವುದು ಇಂಜಿನ್ನಿಗಲ್ಲ, ಒಳಗಿನ ಜಾಗಕ್ಕೆ.

ಒಂದು ಮಾತು ಸೇರಿಸುತ್ತೇನೆ. ಎತ್ತರದ ಮೇಲ್ಛಾವಣಿಯ ವ್ಯಾನನ್ನು ವೇಗವಾಗಿ ಓಡಿಸಿದರೆ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಅರವತ್ತರಿಂದ ಎಂಬತ್ತಕ್ಕೆ ಹೋದರೆ ಗಾಳಿಯ ತಡೆ ಮುಕ್ಕಾಲು ಪಾಲಿಗಿಂತ ಹೆಚ್ಚಾಗುತ್ತದೆ. ಸೊಲ್ಲಾಪುರದ ದಾರಿಯಲ್ಲಿ ಚಾಲಕ ಅರವತ್ತರಲ್ಲಿ ಹೋದರೆ ಎಣ್ಣೆಯೂ ಉಳಿಯುತ್ತದೆ, ರೊಟ್ಟಿಯೂ ಉಳಿಯುತ್ತದೆ.

ಪ್ರಶ್ನೆ: ನನ್ನದು ಸರಕಿನ ಪಿಕಪ್. ಹುಣ್ಣಿಮೆ ಬಂದರೆ ದೇವಲ ಗಾಣಗಾಪುರಕ್ಕೆ ಕರೆದುಕೊಂಡು ಹೋಗು ಎಂದು ಓಣಿಯವರು ಕೇಳುತ್ತಾರೆ. ಇಪ್ಪತ್ತೈದು ಮೂವತ್ತು ಜನ ಆಗುತ್ತಾರೆ. ಒಲ್ಲೆ ಎಂದರೆ ಸೊಕ್ಕು ಬಂತು ಅಂತಾರೆ. ದೊಡ್ಡ ಇಂಜಿನ್ನಿನ ಗಾಡಿ ತಗೊಂಡರೆ ಅಪಾಯ ಕಡಿಮೆಯಾಗುತ್ತದೆಯೆ? ನನ್ನ ಲೈಸೆನ್ಸು ಎಲ್‌ಎಂವಿ ಮಾತ್ರ, ಅದರ ಚಿಂತೆಯೂ ಇದೆ.

ಉತ್ತರ: ಲೈಸೆನ್ಸಿನ ಚಿಂತೆಯನ್ನು ಮೊದಲು ಇಳಿಸಿಬಿಡುತ್ತೇನೆ. ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಬೇರೆ ಒಪ್ಪಿಗೆಯಿಲ್ಲದೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ನಿಮ್ಮ ಪಿಕಪ್ ಅದರೊಳಗೆ ಬರುತ್ತದೆ.

ಜನರ ವಿಷಯದಲ್ಲಿ ನಿಮಗೆ ಸಮಾಧಾನ ಹೇಳಲು ನನ್ನಿಂದ ಆಗುವುದಿಲ್ಲ. ಇಂಜಿನ್ ಎಷ್ಟೇ ದೊಡ್ಡದಿರಲಿ, ಡಾಲಾದಲ್ಲಿ ನಿಂತ ಜನಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಕಲ್ಲು ಹೇರಿದರೆ ಭಾರ ತಳದಲ್ಲಿ ಕೂರುತ್ತದೆ. ಜನ ನಿಂತರೆ ಭಾರ ಎದೆಯೆತ್ತರಕ್ಕೆ ಏರುತ್ತದೆ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ. ಗಾಡಿ ಪಲ್ಟಿಯಾಗಲು ಇಷ್ಟೇ ಸಾಕು. ಇಂಜಿನ್ ದೊಡ್ಡದಾದರೆ ಅದೇ ತಿರುವಿಗೆ ಇನ್ನೂ ವೇಗವಾಗಿ ಹೋಗುತ್ತೀರಿ.

ವಿಮೆಯೂ ಬರುವುದಿಲ್ಲ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಜನರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ಎರಡು ದಶಕಗಳ ಹಿಂದೆಯೇ ಹೇಳಿದೆ. ಸರಕಿನ ಮಾಲೀಕರು ಅಥವಾ ಅವರ ಕಡೆಯವರು ಸರಕಿನ ಜೊತೆ ಹೋದರೆ ಬೇರೆ ಮಾತು. ಪರಿಹಾರದ ಹಣ ನಿಮ್ಮ ಹೊಲದಿಂದ ಬರಬೇಕಾಗುತ್ತದೆ, ಸತ್ತವರು ನಿಮ್ಮ ಓಣಿಯವರೇ ಆಗಿರುತ್ತಾರೆ.

ಸೊಕ್ಕಿನ ಮಾತು ಬಂದರೆ ಹೀಗೆ ಮಾಡಿ ನೋಡಿ. ‘ನನ್ನ ಗಾಡಿ ಬೇಡ, ಎಲ್ಲರೂ ದುಡ್ಡು ಹಾಕಿ ಮೂರು ಕ್ರೂಸರ್ ಬಾಡಿಗೆಗೆ ಮಾಡೋಣ, ಇಲ್ಲವೆ ಬಸ್ಸಿಗೆ ಹೋಗೋಣ, ನಾನೂ ಬರುತ್ತೇನೆ’ ಎನ್ನಿ. ಅಡುಗೆಯ ಪಾತ್ರೆ, ಹಿಟ್ಟು, ಸೌದೆ ನಿಮ್ಮ ಪಿಕಪ್ಪಿನಲ್ಲಿ ಬರಲಿ. ಕೂಡಿ ಹೋದ ಹಾಗೂ ಆಯಿತು.

ಪ್ರಶ್ನೆ: ಜೇವರ್ಗಿಯಲ್ಲಿ ನೀರಿನ ಕ್ಯಾನ್ ವ್ಯಾಪಾರ. ಹೊಸ ಬಿಎಸ್-6 ಡೀಸೆಲ್ ಗಾಡಿ ತೆಗೆದುಕೊಂಡು ಎಂಟು ತಿಂಗಳಾಯಿತು. ಮೀಟರಿನಲ್ಲಿ ಪದೇ ಪದೇ ಹಳದಿ ದೀಪ ಬರುತ್ತದೆ. ಇಂಜಿನ್ ದೊಡ್ಡದಾಗಿದ್ದಕ್ಕೇ ಹೀಗೆ, ಸಣ್ಣದಿದ್ದರೆ ಬರುತ್ತಿರಲಿಲ್ಲ ಎನ್ನುತ್ತಾರೆ. ಇಂಜಿನ್ ಹೋಯಿತೇ?

ಉತ್ತರ: ಹೋಗಿಲ್ಲ. ಹಳದಿ ದೀಪ ಎಂದರೆ ಗಮನ ಕೊಡಿ ಎಂದು. ಕೆಂಪು ಬಂದರೆ ಮಾತ್ರ ಅಲ್ಲೇ ನಿಲ್ಲಿಸಬೇಕು. ಆದರೆ ಹಳದಿಯನ್ನು ಅಸಡ್ಡೆ ಮಾಡಿದರೆ ಅದೂ ದುಬಾರಿಯೇ, ನಿಮ್ಮ ಕಳವಳ ಸರಿಯಾದದ್ದು.

ನಮ್ಮ ದೇಶದಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಯಾದದ್ದು 2020ರ ಏಪ್ರಿಲ್ 1ರಿಂದ. ಅಲ್ಲಿಂದೀಚಿನ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಡಿಪಿಎಫ್ (ಹೊಗೆಯ ಮಸಿಯನ್ನು ಹಿಡಿದಿಡುವ ಜಾಲರಿ) ಇರುತ್ತದೆ. ಹಿಡಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು. ಹಾಗೆ ಸುಡಲು ಹೊಗೆ ಚೆನ್ನಾಗಿ ಕಾಯಬೇಕು. ನೀವು ಮಾಡುತ್ತಿರುವುದು ಏನು? ಒಂದು ಅಂಗಡಿಯ ಮುಂದೆ ನಾಲ್ಕು ಕ್ಯಾನ್ ಇಳಿಸಿ, ಇನ್ನೂರು ಗಜ ಹೋಗಿ ಮತ್ತೆ ನಿಲ್ಲಿಸುವುದು. ಇಂಜಿನ್ ಬಿಸಿಯಾಗುವಷ್ಟರಲ್ಲಿ ಬಂದ್. ಮಸಿ ಕೂಡುತ್ತಲೇ ಇರುತ್ತದೆ, ಸುಡುವ ಹೊತ್ತೇ ಬರುವುದಿಲ್ಲ. ಭಾರಕ್ಕೆ ಮೀರಿದ ಇಂಜಿನ್ ಇದ್ದರೆ ಅದು ಇನ್ನೂ ತಂಪಾಗಿ ದುಡಿಯುತ್ತದೆ. ಅಷ್ಟರ ಮಟ್ಟಿಗೆ ಜನ ಹೇಳುವುದು ನಿಜ. ಸಣ್ಣ ಡೀಸೆಲ್ ಆಗಿದ್ದರೂ ದೀಪ ಬರುತ್ತಿತ್ತು, ಸ್ವಲ್ಪ ತಡವಾಗಿ.

ವಾರಕ್ಕೊಮ್ಮೆ ಕಲಬುರಗಿ ರಸ್ತೆಗೆ ಗಾಡಿ ಇಳಿಸಿ. ಇಪ್ಪತ್ತು ನಿಮಿಷ ಎಲ್ಲೂ ನಿಲ್ಲದೆ, ಒಂದು ಗೇರ್ ಕೆಳಗೇ ಇಟ್ಟುಕೊಂಡು, ಒಂದೇ ಹದದಲ್ಲಿ ಓಡಿಸಿ. ದೀಪ ಆರಬೇಕು. ಆರದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಯಂತ್ರ ಹಚ್ಚಿ ಸುಡಿಸುತ್ತಾರೆ. ಜಾಲರಿ ಕಿತ್ತು ಬಿಸಾಡಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ವಾರಂಟಿಯೂ ಹೋಗುತ್ತದೆ, ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತೀರಿ.

ಗಾಡಿ ಬಂದ್ ಮಾಡುವ ಮೊದಲು ಅರ್ಧ ನಿಮಿಷ ಸುಮ್ಮನೆ ಓಡಲು ಬಿಡಿ, ಟರ್ಬೊ ತಣ್ಣಗಾಗಲಿ.

ಕೆಲವು ಗಾಡಿಗಳಿಗೆ ಡಿಇಎಫ್ (ಹೊಗೆಯ ವಿಷ ಇಳಿಸಲು ಬೇರೆ ಟಾಕಿಯಲ್ಲಿ ತುಂಬುವ ಯೂರಿಯಾ ದ್ರವ) ಬೇಕು. ನಿಮ್ಮದರಲ್ಲಿ ನೀಲಿ ಮುಚ್ಚಳವಿದ್ದರೆ ಅದು ಅದಕ್ಕೇ. ಗೊಬ್ಬರದ ಯೂರಿಯಾ ಮನೆಯಲ್ಲೇ ಇದೆಯಲ್ಲ, ನೀರಿಗೆ ಕದಡಿ ಹಾಕಿದರಾಯಿತು ಎಂದು ಜಾಣತನ ಮಾಡಿದವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಡಿಇಎಫ್‌ನಲ್ಲಿ ಯೂರಿಯಾ ನೂರಕ್ಕೆ 32.5 ಪಾಲು, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. ಹೊಲದ ಯೂರಿಯಾ ಮತ್ತು ಬೋರಿನ ನೀರು ಸೇರಿದರೆ ಪಂಪಿನಲ್ಲಿ ಹರಳು ಕಟ್ಟುತ್ತದೆ. ರಿಪೇರಿ ಬಿಲ್ಲು ಹೊಲ ಗೊಬ್ಬರ ಎರಡನ್ನೂ ಮರೆಸುತ್ತದೆ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಇಪ್ಪತ್ತು ಲೀಟರಿನ ನೂರು ಕ್ಯಾನ್ ಎಂದರೆ ನೀರೇ ಎರಡು ಟನ್ನು.

ಪ್ರಶ್ನೆ: ಅಫಜಲಪುರದವನು. ಗಡಿಯಾಚೆ ಅಕ್ಕಲಕೋಟದಲ್ಲಿ ಹಳೆಯ ಟೆಂಪೊ ಒಂದು ಕಡಿಮೆ ಬೆಲೆಗೆ ಬಂದಿದೆ. ಇಂಜಿನ್ ದೊಡ್ಡದು, ಗಟ್ಟಿ ಎನ್ನುತ್ತಾರೆ. ತೆಗೆದುಕೊಳ್ಳಲೇ?

ಉತ್ತರ: ನಮ್ಮಲ್ಲಿ ನಾಲ್ಕು ಗಾಲಿಯ ಸಣ್ಣ ಸರಕು ಗಾಡಿಯೆಲ್ಲ ಟೆಂಪೊವೇ. ಹೆಸರು ಕೊಟ್ಟ ಬಜಾಜ್ ಟೆಂಪೊ ಕಂಪನಿ 2005ರಲ್ಲೇ ಫೋರ್ಸ್ ಮೋಟರ್ಸ್ ಆಯಿತು, ಹೆಸರು ಮಾತ್ರ ಓಣಿಯಲ್ಲಿ ಉಳಿದಿದೆ. ನಿಮ್ಮದು ಯಾವ ಟೆಂಪೊ ಎಂದು ಬರೆದಿಲ್ಲ, ಇರಲಿ.

ಕಾಗದದ ಕೆಲಸ ಮೊದಲು. ಮಹಾರಾಷ್ಟ್ರದ ನೋಂದಣಿಯಾದ್ದರಿಂದ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಕರ್ನಾಟಕದ ಹೊಸ ನಂಬರ್ ಪಡೆಯಬೇಕು, ಇಲ್ಲಿನ ತೆರಿಗೆಯನ್ನೂ ಬೆಲೆಗೆ ಕೂಡಿಸಿಯೇ ‘ಕಡಿಮೆ’ ಎನ್ನಿ. ಫಿಟ್‌ನೆಸ್ ಸರ್ಟಿಫಿಕೇಟಿನ ತಾರೀಖು ನೋಡಿ.

ಸವೆದ ದೊಡ್ಡ ಇಂಜಿನ್ನಿಗಿಂತ ಸುಸ್ಥಿತಿಯ ಸಣ್ಣ ಇಂಜಿನ್ ಮೇಲು. ಸವೆದಿದೆಯೇ ಎಂದು ತಿಳಿಯಲು ಬೆಳಿಗ್ಗೆ ಹೋಗಿ, ಮುಂಚೆ ಹೇಳದೆ ಹೋಗಿ. ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನಿಮಗಾಗಿ ಆಗಲೇ ಚಾಲೂ ಮಾಡಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿದ್ದರೆ ಚಾಲೂ ಮಾಡಿಸಿ, ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ ಅದರ ಬಾಯಿ ಮೇಲೆ ಹಾಗೇ ಬಿಡಿ. ತುಸು ಅಲುಗಿದರೆ ಚಿಂತೆಯಿಲ್ಲ. ಕುದಿಯುವ ಗಡಿಗೆಯ ಮೇಲಿನ ತಟ್ಟೆಯಂತೆ ಕುಣಿದು, ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗುಗಳು ಸವೆದಿವೆ, ಇಂಜಿನ್ ಬೋರಿನ ಕೆಲಸ ಬಾಕಿ ಇದೆ. ಮುಚ್ಚಳ ತೆರೆಯಲು ಮಾಲೀಕರು ಬಿಡದಿದ್ದರೆ ಚಹಾ ಕುಡಿದು ವಾಪಸ್ ಬನ್ನಿ.